ಉಜ್ವಲಾ ಟೀಚರಿಗೆ ಗೊತ್ತಾಗದ್ದು

ಮಲಯಾಳ ನಾಡಿನ ಗಡಿಯೊಳಗಿರುವ ಹೊಸಂಗಡಿಯ ಒಂದು ಪಾತ್ರೆ ಅಂಗಡಿಯ ಮಾಳಿಗೆಯಲ್ಲಿ ಉಜ್ವಲಾ ಮಕ್ಕಳಿಗೆ ಕರಾಟೆ ಕಲಿಸುತ್ತಾಳೆ. ಹಗಲಲ್ಲಿ ಅವಳಿಗೆ ಮಂಜೇಶ್ವರದ ಕನ್ನಡಕದ ಅಂಗಡಿಯಲ್ಲಿ ಕೆಲಸ. ಶನಿವಾರ, ಆದಿತ್ಯವಾರ ಸಂಜೆ ಮಾತ್ರ ಬಿಳಿ ಬಟ್ಟೆ ತೊಟ್ಟು, ಸೊಂಟಕ್ಕೆ ಕಪ್ಪು ಪಟ್ಟಿ ಬಿಗಿದು ಮಾಳಿಗೆ ಹತ್ತುತ್ತಾಳೆ.

ಸಣ್ಣವಳಿರುವಾಗ ಅವಳಷ್ಟು ಪುಕ್ಕಲು ಹುಡುಗಿ ಆ ಕೇರಿಯಲ್ಲಿ ಇನ್ನೊಬ್ಬಳಿರಲಿಲ್ಲ. ನಾಯಿ ಕಂಡರೆ ಹೆದರಿಕೆ, ಬಸ್ಸಿನ ಕಂಡಕ್ಟರನನ್ನು ಕಂಡರೆ ಹೆದರಿಕೆ, ಹಾಜರಿ ಕರೆಯುವಾಗ ತನ್ನ ಹೆಸರು ಬಂದರೆ ಅದಕ್ಕೂ ಹೆದರಿಕೆ. ಪಕ್ಕದ ಮನೆಯ ಹುಡುಗಿಗೆ ಜೊತೆ ಬೇಕು ಎಂಬ ಒಂದೇ ಕಾರಣಕ್ಕೆ ಅಪ್ಪ ಲೋಕನಾಥ ಅವಳನ್ನೂ ಕರಾಟೆ ಕ್ಲಾಸಿಗೆ ಸೇರಿಸಿದ್ದರು. ಆ ಹುಡುಗಿ ಬೇಗನೆ ಬಿಟ್ಟಳು. ಉಜ್ವಲಾ ಬಿಡಲಿಲ್ಲ. ಛಲದಿಂದಲ್ಲ; ಬಿಡುತ್ತೇನೆಂದು ಮಾಸ್ತರರಿಗೆ ಹೇಳುವ ಧೈರ್ಯವಿರಲಿಲ್ಲ, ಅಷ್ಟೆ. ಹಾಗೆ ಹೆದರಿ ಹೆದರಿಯೇ ವರ್ಷಗಳು ಕಳೆದವು, ಪಟ್ಟಿಯ ಬಣ್ಣ ಬದಲಾಗುತ್ತ ಹೋಯಿತು. ನಡುವೆ ಎಲ್ಲೋ ಉಳಿದ ಹೆದರಿಕೆಗಳು ಕಡಿಮೆಯಾಗಿದ್ದವು. ಯಾವಾಗ, ಹೇಗೆ ಎಂದು ಕೇಳಿದರೆ ಅವಳಿಗೆ ತಿಳಿಯದು.

ಆದುದರಿಂದ ತಂದೆತಾಯಿಗಳು ಮಕ್ಕಳನ್ನು ಕರೆತಂದು, "ಇದಕ್ಕೆ ಸ್ವಲ್ಪ ಧೈರ್ಯ ಬರಬಹುದಾ ಟೀಚರ್?" ಎಂದು ಕೇಳಿದಾಗಲೆಲ್ಲ ಅವಳು ಬರುತ್ತದೆ ಎಂದು ಹೇಳುತ್ತಿದ್ದಳು. ಹೇಳಿದ ಮೇಲೆ ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಎಂದು ತಾನೇ ಗೊಂದಲಕ್ಕೆ ಬೀಳುತ್ತಿದ್ದಳು.

ಕಳೆದ ಬೇಸಿಗೆ ರಜೆಯಲ್ಲಿ ಟೈಲರ್ ದಮಯಂತಿ ತನ್ನ ಮಗಳು ತೃಷಾಳನ್ನು ಕರೆತಂದಳು. ದಮಯಂತಿಯ ತವರು ಹೊಸಂಗಡಿ. ಪುತ್ತೂರಿನಿಂದ ಮಗಳೊಂದಿಗೆ ಬಂದು ತಾಯಿಯ ಮನೆಯಲ್ಲಿದ್ದಳು. ಜೂನಿನಲ್ಲಿ ತೃಷಾ ಇಲ್ಲಿಯ ಶಾಲೆಯಲ್ಲಿ ಐದನೇ ಕ್ಲಾಸಿಗೆ ಸೇರಬೇಕಿತ್ತು.

"ಮನೆಯಲ್ಲಿ ತುಳುವಿನಲ್ಲಿ ಮಾತಾಡ್ತಾಳೆ. ಹೊರಗೆ ಬಂದ್ರೆ ಬಾಯಿಯೇ ಇಲ್ಲ," ಎಂದಳು ದಮಯಂತಿ. ತೃಷಾ ತಾಯಿಯ ಚೂಡಿದಾರದ ಶಾಲನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

ಹೊಡೆತದ ಜೊತೆಗೆ ಗಂಟಲೆತ್ತಿ ಕೂಗುವುದು ಕರಾಟೆಯ ಮೊದಲ ಪಾಠಗಳಲ್ಲೊಂದು. ಎಲ್ಲರೂ ಕೂಗುವಾಗ ತೃಷಾಳ ಬಾಯಿ ತೆರೆಯುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಉಜ್ವಲಾ ಒತ್ತಾಯಿಸಲಿಲ್ಲ. ದೊಡ್ಡ ಹುಡುಗ ಅಕ್ಷಿತ್ ಒದೆಯುವಾಗ ಎದುರಿಗೆ ದಪ್ಪ ಪ್ಯಾಡ್ ಹಿಡಿದು ನಿಲ್ಲುವ ಕೆಲಸ ಕೊಟ್ಟಳು. ಮೊದಲ ಒದೆತಕ್ಕೆ ತೃಷಾ ಕಣ್ಣು ಮುಚ್ಚಿದಳು, ಪ್ಯಾಡ್ ಸಮೇತ ಹಿಂದಕ್ಕೆ ಬಿದ್ದಳು. ಎದ್ದು ಮತ್ತೆ ಹಿಡಿದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ಬೀಳುವುದು ನಿಂತಿತು. ಆಮೇಲೆ ಕಣ್ಣು ಮುಚ್ಚುವುದೂ ನಿಂತಿತು. ಒಂದು ಸಂಜೆ ಅವಳ ಗಂಟಲಿನಿಂದ ಎಂಥ ಕೂಗು ಹೊರಟಿತೆಂದರೆ, ಕೆಳಗಿನ ಅಂಗಡಿಯವರು ಮೆಟ್ಟಿಲ ಬುಡಕ್ಕೆ ಬಂದು, "ಎಂತ ಆಯ್ತು ಟೀಚರ್, ಯಾರಾದ್ರೂ ಬಿದ್ರಾ?" ಎಂದು ವಿಚಾರಿಸಿದರು.

ಉಜ್ವಲಾ ಎಲ್ಲ ಮಕ್ಕಳಿಗೂ ಹೇಳುತ್ತಿದ್ದ ಒಂದು ಮಾತಿತ್ತು. "ಗೊತ್ತಾಗದಿದ್ರೆ ಕೈ ಎತ್ತಿ ಕೇಳಿ. ಗೊತ್ತಾದ ಹಾಗೆ ನಟನೆ ಮಾಡಿದ್ರೆ ಪೆಟ್ಟು ಬೀಳುವುದು ನಿಮಗೇ."

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಕನ್ನಡಕದ ಅಂಗಡಿಗೆ ದಮಯಂತಿಯ ಫೋನ್ ಬಂತು. "ಟೀಚರ್, ನಾಳೆ ಶಾಲೆಗೆ ಬರ್ಬೇಕಂತೆ. ನಿಮ್ಮನ್ನೂ ಕರ್ಕೊಂಡು ಬರ್ಲಿಕ್ಕೆ ಹೇಳಿದ್ರು. ಅವಳು ಸರ್‌ಗೆ ಎದುರು ನಿಂತಳಂತೆ. ನಾನು ಧೈರ್ಯ ಬರ್ಲಿ ಅಂತ ಕಳಿಸಿದ್ದು, ಇದಕ್ಕಲ್ಲ."

ಮರುದಿನ ಹೆಡ್ ಟೀಚರ್ ಸೌದಾಮಿನಿಯವರ ಕೋಣೆಯಲ್ಲಿ ಎಲ್ಲರೂ ಸೇರಿದರು. ದೂರು ಕೊಟ್ಟವರು ಗಣಿತದ ಮೇಷ್ಟ್ರು ಸುಧೀರ್. ಊರು ಕೊಲ್ಲಂ ಕಡೆ, ಕೆಲಸಕ್ಕೆ ಹೊಸಬರು. ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಲು ನೇಮಕವಾಗಿದ್ದರೂ ಅವರಿಗೆ ಬರುತ್ತಿದ್ದದ್ದು ಮಲಯಾಳ ಒಂದೇ. ಭಿನ್ನರಾಶಿ ಕಲಿಸುವಾಗ ಈ ಹುಡುಗಿ ಎದ್ದು ನಿಂತು ಏನೋ ಅಂದಳು. ಕೂರಲು ಹೇಳಿದರೆ ಕೂರಲಿಲ್ಲ. ಎಷ್ಟು ಸಲ ಹೇಳಿದರೂ ತನ್ನ ಮುಖವನ್ನೇ ನೋಡುತ್ತ ಬೆಲ್ ಹೊಡೆಯುವವರೆಗೆ ನಿಂತೇ ಇದ್ದಳು. ಇಡೀ ಕ್ಲಾಸು ನಗುತ್ತಿತ್ತು. ಇಷ್ಟನ್ನು ಅವರು ಮಲಯಾಳದಲ್ಲಿ ಹೇಳಿ ಮುಗಿಸಿದರು. ಕರಾಟೆಗೆ ಹೋಗುವ ಮಗು ಎಂದು ಆಮೇಲೆ ಗೊತ್ತಾಯಿತು ಎಂದೂ ಸೇರಿಸಿದರು.

"ಯಾಕೆ ಕೂರಲಿಲ್ಲ ತೃಷಾ?" ಎಂದು ಸೌದಾಮಿನಿ ಕೇಳಿದರು.

"ನನಗೆ ಲೆಕ್ಕ ಗೊತ್ತಾಗ್ಲಿಲ್ಲ ಅಂತ ಹೇಳಿದೆ. ಸರ್ ಇರಿ ಅಂದ್ರು. ಹಾಗೆ ಇದ್ದೆ."

"ಎಂತ ಅಂದ್ರು?"

"ಇರಿ ಅಂತ. ತುಂಬ ಸಲ ಅಂದ್ರು. ಮತ್ತೆ ಹೇಳಿಕೊಡ್ತಾರೆ ಅಂತ ಕಾದೆ."

ಸೌದಾಮಿನಿ ನಗು ತಡೆಯಲು ಸೆರಗಿನ ತುದಿಯನ್ನು ಬಾಯಿಗೆ ಹಿಡಿದರು. ಮಲಯಾಳದಲ್ಲಿ ಇರಿ ಎಂದರೆ ಕೂತುಕೋ. ಪುತ್ತೂರಿನಿಂದ ಬಂದ ಹುಡುಗಿಗೆ ಇರಿ ಎಂದರೆ ಸ್ವಲ್ಪ ತಾಳಿ, ಅದೂ ಮರ್ಯಾದೆ ಕೊಟ್ಟು. ಮೇಷ್ಟ್ರು ಅರ್ಥವಾಗದೆ ಎಲ್ಲರ ಮುಖ ನೋಡಿದರು. ಉಜ್ವಲಾ ಅವರ ಭಾಷೆಯಲ್ಲಿ ವಿವರಿಸಿದಾಗ ಅವರ ಮುಖದ ಬಿಗಿ ನಿಧಾನವಾಗಿ ಸಡಿಲವಾಯಿತು. "ಕೋಪದಲ್ಲಿ ಕೊನೆಕೊನೆಗೆ ಕಿರುಚಿಯೇ ಹೇಳಿದ್ದೆ," ಎಂದರು. "ಆಗಲೂ ಸರಿ ಎಂಬಂತೆ ತಲೆ ಆಡಿಸಿ ನಿಂತಿದ್ದಳು."

ವಿಷಯ ಅಲ್ಲಿಗೆ ಮುಗಿಯಿತೆಂದು ಸೌದಾಮಿನಿ ಎಲ್ಲರನ್ನೂ ಕಳಿಸಿದರು. ಉಜ್ವಲಾಳಿಗೆ ಮಾತ್ರ ಮುಗಿಯಲಿಲ್ಲ. ಮಗು ನಿಂತದ್ದು ಧೈರ್ಯದಿಂದಲೋ, ಮಾತು ತಿಳಿಯದ್ದರಿಂದಲೋ? ಜಗಲಿಯಲ್ಲಿ ಅವಳನ್ನು ನಿಲ್ಲಿಸಿ ಕೇಳಿದಳು. "ಕೂತ್ಕೋ ಅಂತ ಹೇಳಿದ್ದು ಅಂತ ಗೊತ್ತಿದ್ರೆ ಕೂರ್ತಿದ್ದೆಯಾ?"

ತೃಷಾ ಯೋಚಿಸಿದಳು. "ಗೊತ್ತಿಲ್ಲ ಟೀಚರ್. ಲೆಕ್ಕ ಗೊತ್ತಾಗಿರ್ಲಿಲ್ಲ ಅಲ್ವಾ."

"ಎಲ್ಲ ನಗ್ತಿದ್ರಲ್ಲ?"

"ಹೌದು. ಹೆದರಿಕೆ ಆಯ್ತು. ಪ್ಯಾಡ್ ಹಿಡಿದ ಹಾಗೆ ಕಾಲು ಅಗಲ ಮಾಡಿ ನಿಂತೆ."

ಗೇಟಿನ ಬಳಿ ಸುಧೀರ್ ಹಿಂದಿನಿಂದ ಓಡಿ ಬಂದರು. ಮಕ್ಕಳು ಸುಮ್ಮನೆ ಕೂತಿರುತ್ತಿದ್ದುದರಿಂದ ಅವರಿಗೆಲ್ಲ ತಿಳಿಯುತ್ತಿದೆ ಎಂದುಕೊಂಡಿದ್ದೆ, ಈಗ ಜೂನಿನಿಂದ ಮಾಡಿದ ಪಾಠದ ಮೇಲೆಲ್ಲ ಸಂಶಯ ಬಂದಿದೆ ಎಂದರು. 'ಮನಸ್ಸಿಲಾಯೋ' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದರು. ಉಜ್ವಲಾ "ಗೊತ್ತಾಯ್ತಾ" ಎಂದು ಹೇಳಿಕೊಟ್ಟಳು. ಅವರು ಅದನ್ನು ಬಾಯಲ್ಲಿ ಮೆಲುಕು ಹಾಕುತ್ತ ಹಿಂದಿರುಗಿದರು.

ಅಲ್ಲಿಂದ ಮುಂದೆ ಆದದ್ದನ್ನು ಒಳ್ಳೆಯದೆನ್ನಬೇಕೋ ಕೆಟ್ಟದೆನ್ನಬೇಕೋ ಅವಳಿಗೆ ತೋಚಲಿಲ್ಲ. ಮೇಷ್ಟ್ರು ದಿನವೂ "ಗೊತ್ತಾಯ್ತಾ" ಎಂದು ಕೇಳತೊಡಗಿದರು. ಇಡೀ ಕ್ಲಾಸು "ಇಲ್ಲ ಸರ್" ಎನ್ನತೊಡಗಿತು. ಪಾಠ ಮುಂದಕ್ಕೇ ಹೋಗುತ್ತಿಲ್ಲ ಎಂದು ಸೌದಾಮಿನಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅರ್ಧ ನಗುತ್ತ, ಅರ್ಧ ಗೋಳಾಡುತ್ತ ಹೇಳಿದರು. ಆ ಶಾಲೆಯ ಕೆಲವು ಮಕ್ಕಳು ಹೊಸದಾಗಿ ಕರಾಟೆಗೆ ಸೇರಿದರು. ಅಕ್ಷಿತ್ ಬಿಟ್ಟ. "ಎದುರುತ್ತರ ಕೊಡ್ಲಿಕ್ಕೆ ಕಲಿಸ್ತಾರೆ ಅಂತ ಕೇಳಿದೆ, ನಮಗದು ಬೇಡ," ಎಂದು ಅವನ ತಾಯಿ ಫೋನಿನಲ್ಲಿ ಚುಟುಕಾಗಿ ಹೇಳಿದಳು. ಉಜ್ವಲಾಳ ಕ್ಲಾಸಿನಲ್ಲಿ ಅವನಷ್ಟು ಚೆನ್ನಾಗಿ ಒದೆಯುವ ಮಗು ಇನ್ನೊಂದಿರಲಿಲ್ಲ. ಒಂದು ವಾರ ಉಜ್ವಲಾಳಿಗೆ ಊಟ ರುಚಿಸಲಿಲ್ಲ. ಹಾಗಲ್ಲ ಎಂದು ವಾದಿಸಲು ಹೊರಟರೆ, ಹಾಗೆ ಅಲ್ಲವೇ ಅಲ್ಲ ಎಂದು ಹೇಳುವ ಖಾತ್ರಿ ಅವಳಿಗೇ ಇರಲಿಲ್ಲ.

ದಸರಾ ಕಳೆದ ಮೇಲೊಂದು ಸಂಜೆ ಕ್ಲಾಸು ಮುಗಿದು ಮಕ್ಕಳು ಚಪ್ಪಲಿ ಹುಡುಕುತ್ತಿದ್ದಾಗ ದಮಯಂತಿ ಬಂದು ಬಾಗಿಲ ಬದಿಗೆ ನಿಂತಳು.

"ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು ಟೀಚರ್, ನಾವು ಪುತ್ತೂರಿಂದ ಯಾಕೆ ಬಂದದ್ದು ಅಂತ. ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿದ್ದೆ ಮೊದಲು. ಅಜ್ಜಿ ಸರಿ ಇದ್ದಾರಲ್ಲ, ಮತ್ತೆ ಯಾಕೆ ಅಂದಳು."

"ನೀವೆಂತ ಹೇಳಿದ್ರಿ?"

"ತಟ್ಟೆ ತೊಳೀಲಿಕ್ಕೆ ಎದ್ದು ಹೋದೆ. ಬಂದು ನೋಡಿದ್ರೆ ಅಲ್ಲೇ ಕೂತಿದ್ದಳು. ಹೇಳಿದೆ. ಪೂರಾ ಅಲ್ಲ. ಅಪ್ಪ ನನಗೆ ಹೊಡೀತಿದ್ರು ಅಂತ ಮಾತ್ರ ಹೇಳಿದೆ."

ಇದು ಉಜ್ವಲಾಳಿಗೂ ಗೊತ್ತಿರಲಿಲ್ಲ.

"ಅಳಲಿಲ್ಲ ಅವಳು. ನನ್ನ ಕೈ ಹಿಡಿದು, ಅಮ್ಮ ನೀನೂ ಕ್ಲಾಸಿಗೆ ಬಾ ಅಂದಳು." ದಮಯಂತಿ ಶಾಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡಳು. "ಈ ವಯಸ್ಸಿನಲ್ಲಿ ಬಂದ್ರೆ ಎಂತ ಪ್ರಯೋಜನ ಉಂಟು ಟೀಚರ್? ನೀವೇ ಹೇಳಿ."

ಧೈರ್ಯ ಬರುತ್ತದೆ ಎಂದು ಯಾವತ್ತೂ ಹೇಳುವ ಉತ್ತರ ಉಜ್ವಲಾಳ ನಾಲಿಗೆಯ ತುದಿಗೆ ಬಂತು. ಈ ಹೆಂಗಸಿನ ಮುಂದೆ ಅದನ್ನು ಆಡಲು ಅವಳಿಗೆ ಮನಸ್ಸಾಗಲಿಲ್ಲ. "ನನಗೆ ಸರಿಯಾಗಿ ಹೇಳ್ಲಿಕ್ಕೆ ಬರುವುದಿಲ್ಲ ಅಕ್ಕ," ಎಂದಳು. "ಬಂದು ನೋಡಿ."

ಮುಂದಿನ ಶನಿವಾರ ದಮಯಂತಿ ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಬಂದಳು. ಸಣ್ಣ ಮಕ್ಕಳ ಸಾಲಿನ ಹಿಂದೆ ಒಬ್ಬಳೇ ನಿಂತಳು. ಮಕ್ಕಳು ತಿರುತಿರುಗಿ ನೋಡಿದರು. ದೊಡ್ಡವರಿಗೆ ಯಾವತ್ತೂ ಕಲಿಸದ ಉಜ್ವಲಾಳಿಗೆ ಎಲ್ಲಿಂದ ಶುರು ಮಾಡಬೇಕೆಂದೇ ಹೊಳೆಯಲಿಲ್ಲ. ಅಷ್ಟರಲ್ಲಿ ತೃಷಾ ಸಾಲು ಬಿಟ್ಟು ಹಿಂದಕ್ಕೆ ಹೋಗಿ, ಬಗ್ಗಿ, ತಾಯಿಯ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಮುಂದಕ್ಕೆ ಇಟ್ಟಳು.