ಬೇಸಿಗೆಯಲ್ಲಿ ಮಲಗುವ ಗಿಡ

ಏಯ್, ಆ ಬದಿ ಅಂಗಡಿ ಕಟ್ಟೆ ಮೇಲಿರೋರೇ, ಈ ಬದಿ ಮಹಡಿ ಮೇಲಿರೋರೇ, ಸ್ವಲ್ಪ ಇತ್ತ ಕಿವಿ ಕೊಡ್ರಪ್ಪ! ನಮ್ಮ ದೊಡ್ಡಮ್ಮನ ಕಥೆ ಇದು.

ಅವಳಿಗೆ ನರ್ಸರಿಯಲ್ಲಿ ಕೆಲಸ. ಚೀಲದಲ್ಲಿ ಸದಾ ಯಾವುದೋ ಗಿಡದ ತುಂಡು ಇರುತ್ತಿದ್ದುದರಿಂದ ಬೀದಿಗೆಲ್ಲ ಕಡ್ಡಿ ದೊಡ್ಡಮ್ಮ. ಮನೆಯ ಹಿಂದೆ ಮಣ್ಣಿನ ದಿಬ್ಬ. ಹೋದ ಮಳೆಯಲ್ಲಿ ಅದರ ಒಂದು ಮಗ್ಗುಲು ಕುಸಿದು ಅಡುಗೆಮನೆ ಗೋಡೆಗೆ ಒರಗಿತು. "ಬರೋ ಮಳೆಗೆ ಮುಂಚೆ ದಿಬ್ಬ ಗಟ್ಟಿಯಾಗಬೇಕಮ್ಮ, ಇಲ್ಲಾಂದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ" ಎಂದು ನೋಡಲು ಬಂದ ನಗರಸಭೆ ಇಂಜಿನಿಯರ್ ಹೇಳಿಹೋದರು.

ದೊಡ್ಡಮ್ಮ ಗುಡ್ಡದಿಂದ ಕಾಡುಪೊದೆಯೊಂದರ ಕಡ್ಡಿ ತಂದು, ಬೇರು ಬರಿಸಿ, ದಿಬ್ಬದ ತುಂಬ ನೆಟ್ಟಳು. ನೆಲಕ್ಕಂಟಿ ಹಬ್ಬುವ ಗಿಡ. ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಚಳಿ ಮುಗಿಯುವಷ್ಟರಲ್ಲಿ ದಿಬ್ಬ ಕಂಬಳಿ ಹೊದ್ದಂತಿತ್ತು. ಬಿಸಿಲೇರಿದಾಗ ಎಲೆ ಬೂದಿ ಬಣ್ಣಕ್ಕೆ ತಿರುಗಿತು.

"ಸತ್ತೇಹೋಯ್ತಲ್ಲೇ!" ಎಂದರು ದೊಡ್ಡಪ್ಪ. ಪಾರ್ಶ್ವವಾಯು ಹೊಡೆದ ಮೇಲೆ ಅವರ ಲೋಕವೆಂದರೆ ಗಾಲಿಕುರ್ಚಿ ಮತ್ತು ಹಿತ್ತಲ ಬಾಗಿಲು.

"ಮಲಗಿದೆ ಕಣ್ರೀ. ಬೇಸಿಗೆ ಪೂರ್ತಿ ಅದಕ್ಕೆ ನಿದ್ದೆ. ಈಗ ನೀರು ಹಾಕಿದ್ರೆ ಬೇರು ಕೊಳೆಯುತ್ತೆ."

"ನನಗಿಂತ ಸೋಮಾರಿ ಬಿಡು ನಿನ್ನ ಗಿಡ!"

ನಕ್ಕರು. ಆದರೆ ದಿನವಿಡೀ ಆ ಬೂದು ಎಲೆಗಳನ್ನೇ ನೋಡುತ್ತ ಕೂತವರಿಗೆ ಗಿಡ ಬಾಯಾರಿದೆ ಅನ್ನಿಸಿತು. ಅವಳು ಕೆಲಸಕ್ಕೆ ಹೋದ ಮೇಲೆ, ಆಡುವ ಒಂದೇ ಕೈಯಲ್ಲಿ ಪೈಪು ಹಿಡಿದು, ಬಾಗಿಲಲ್ಲೇ ಕೂತು ನೀರು ಬಿಟ್ಟರು. ದಿನಾ. ಸಂಜೆಗೆ ಮೇಲ್ಮಣ್ಣು ಒಣಗಿರುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ.

ಇವತ್ತು ಮೊದಲ ಮೋಡ ಕಂಡಿತು. ಇಂಜಿನಿಯರ್ ಬಂದು ಒಂದು ಗಿಡ ಎಳೆದರು. ಸಲೀಸಾಗಿ ಕೈಗೇ ಬಂತು. ಬೇರು ಕಪ್ಪು, ಲೋಳೆ. ಪಕ್ಕದ್ದೂ ಹಾಗೇ. "ನಾಳೆಯೇ ಖಾಲಿ ಮಾಡಿಬಿಡಮ್ಮ" ಎಂದರು, ಅವಳ ಮುಖ ನೋಡದೆ.

ದೊಡ್ಡಮ್ಮ ಬೇರು ಮೂಸಿದಳು. ನಲ್ಲಿಯತ್ತ ತಿರುಗಿದಳು. ಪೈಪಿನ ಬಾಯಲ್ಲಿ ಇನ್ನೂ ಹನಿ.

"ಏನಾಗಿತ್ತೇ ಅದಕ್ಕೆ?" ಒಳಗಿಂದ ದೊಡ್ಡಪ್ಪ ಕೂಗಿದರು.

"ಹುಳ ಬಿದ್ದಿತ್ತು."

"ಥೂ, ಹಾಳು ಹುಳ! ನಿನಗೆ ಹೇಳಿರ್ಲಿಲ್ಲ, ನಾನು ದಿನಾ ನೀರು ಬಿಡ್ತಿದ್ದೆ. ಇಲ್ಲಾಂದ್ರೆ ಇಷ್ಟು ದಿನಾನೂ ಉಳೀತಿರ್ಲಿಲ್ಲ ನೋಡು."

"ಹೂಂ ರೀ" ಎಂದಳು.

ಆಮೇಲೆ ಪಾತ್ರೆಗಳನ್ನು ಚೀಲಕ್ಕೆ ತುಂಬಿದಳು. ಹಾಸಿಗೆ ಸುತ್ತಿದಳು. ಕಟ್ಟಲು ಹಗ್ಗ ಸಿಗಲಿಲ್ಲ. ಹಿತ್ತಲಿಗೆ ಹೋಗಿ, ನಲ್ಲಿಯಿಂದ ಪೈಪು ಬಿಚ್ಚಿ, ಒಳಗಿದ್ದ ನೀರು ಕೊಡವಿ, ಅದರಿಂದಲೇ ಹಾಸಿಗೆ ಬಿಗಿದಳು.