ರಬ್ಬರ್ ಶೀಟುಗಳ ನೆರಳು

ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ನಮ್ಮ ಹೊಲಿಗೆಯ ಮೇಲೆ ಅಡಿಕೋಲು ಇಟ್ಟು ನೋಡುತ್ತಿದ್ದರು. ಒಂದು ನೂಲು ಓರೆಯಾದರೂ ಬಿಚ್ಚಿಸುತ್ತಿದ್ದರು. ಆ ಕಣ್ಣು ನನಗೆ ಅಂಟಿಕೊಂಡಿದೆ. ಅಡುಗೆಮನೆಯ ಕ್ಯಾಲೆಂಡರ್ ಒಂದು ಬೆರಳು ವಾಲಿದ್ದರೂ ಒಗ್ಗರಣೆ ಬಿಟ್ಟು ಹೋಗಿ ಸರಿಮಾಡುತ್ತೇನೆ. ಮನೆಗಳ ಫೋಟೋ ತೆಗೆಯುವ ಹುಚ್ಚು ಹಿಡಿದದ್ದೂ ಅದರಿಂದಲೇ ಇರಬೇಕು. ಕ್ಯಾಮೆರಾದ ಮೂತಿ ಸ್ವಲ್ಪ ಮೇಲೆತ್ತಿದರೂ ಸಾಕು, ಕಟ್ಟಡ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಎದೆಯೆತ್ತರಕ್ಕೆ ಟ್ರೈಪಾಡ್ ಇಟ್ಟು ಮಟ್ಟ ನೋಡಿದರೆ ಗೋಡೆ ಗೋಡೆಯ ಹಾಗೆ ನಿಲ್ಲುತ್ತದೆ. ಇಷ್ಟು ಕಲಿಯಲು ಪುತ್ತೂರಿನ ನಮ್ಮ ಮನೆಯನ್ನೇ ಎಷ್ಟು ಸಲ ತೆಗೆದೆನೋ!

ನಾದಿನಿ ಆರ್ಕಿಟೆಕ್ಟ್. ಕಡಬದ ಹತ್ತಿರ ರಬ್ಬರ್ ಬೆಳೆಯುವ, ಅಕ್ಕ ಎನ್ನುವ ಬದಲು ನಾವು ಚೇಚಿ ಎಂದೇ ಕರೆಯುವ ಮಲಯಾಳಿ ಹೆಂಗಸೊಬ್ಬರಿಗೆ ಅವಳು ಕಟ್ಟಿಸಿಕೊಟ್ಟ ಕೆಂಪುಕಲ್ಲಿನ ಮನೆಯೇ ಅವಳ ಮೊದಲನೆಯದು. ಹೊಸಬರು ಕಟ್ಟಿದ ಮನೆಗಳ ಚಿತ್ರಪ್ರದರ್ಶನ ಮಂಗಳೂರಿನಲ್ಲಿತ್ತು. ಕಳುಹಿಸಬೇಕಾದದ್ದು ಒಂದೇ ಚಿತ್ರ, ಮರುದಿನ ಮಧ್ಯಾಹ್ನದೊಳಗೆ. ಬರುತ್ತೇನೆಂದಿದ್ದ ಫೋಟೋಗ್ರಾಫರ್ ಜ್ವರ ಬಂದು ಮಲಗಿದ್ದ.

"ಅತ್ತಿಗೆ, ನೀವೇ ಬನ್ನಿ," ಎಂದಳು.

ಪಡುವಣಕ್ಕೆ ಮುಖ ಮಾಡಿದ ಮನೆಯಾದ್ದರಿಂದ ಸಂಜೆ ಬಿಸಿಲಿಗೆ ಸರಿಯಾಗಿ ತಲುಪಿದೆವು. ನೋಡಿದರೆ ಮುಂಬಾಗಿಲಿನೆದುರು ಉದ್ದಕ್ಕೆ ತಂತಿ, ಅದರ ತುಂಬ ಒಣಗಲು ಹಾಕಿದ ರಬ್ಬರ್ ಶೀಟುಗಳು!

"ಚೇಚಿ, ಅರ್ಧ ಗಂಟೆ ಇದನ್ನು ತೆಗೀಬಹುದಾ?" ನಾದಿನಿ ಕೇಳಿದಳು.

"ಎಂತ ತೆಗೆಯುದು ಮೋಳೇ! ಮೂರು ದಿನ ಕಳೆದು ಇವತ್ತು ಬಿಸಿಲು ಉಂಟು. ಶೀಟಿಗೆ ಬೂಷ್ಟು ಬಂದ್ರೆ ನಿನ್ನ ಫೋಟೋ ಮಾರ್ಲಿಕ್ಕೆ ಆಗ್ತದಾ?"

ನಾನು ದೊಡ್ಡ ಜಾಣೆಯ ಹಾಗೆ, "ಇರ್ಲಿ ಬಿಡು, ಕಂಪ್ಯೂಟರಲ್ಲಿ ಅಳಿಸ್ತೇನೆ," ಎಂದೆ.

ಮುಂಭಾಗವನ್ನು ತೆಗೆದಾದ ಮೇಲೆ ಒಳಗಿನ ಚಾವಡಿಯಿಂದ ಬಾಗಿಲಿನಾಚೆಗೂ ತೆಗೆಯೋಣವೆನಿಸಿತು. ಒಳಗೆ ಮಬ್ಬು, ಹೊರಗೆ ಕಣ್ಣು ಕುಕ್ಕುವ ಬೆಳಕು. ಒಂದೇ ಫೋಟೋದಲ್ಲಿ ಎರಡೂ ಸಿಗುವುದಿಲ್ಲ. ಕ್ಯಾಮೆರಾ ಅಲುಗಿಸದೆ ಕಪ್ಪಗೊಂದು, ಸಾಧಾರಣ ಒಂದು, ಬೆಳ್ಳಗೊಂದು ತೆಗೆದು ಆಮೇಲೆ ಜೋಡಿಸಬೇಕು. ಚೇಚಿ ಹೊರಗೆ ಶೀಟಿನ ಮೂಲೆ ಎತ್ತಿ ನೋಡುತ್ತಿದ್ದರು.

"ಚೇಚಿ, ಹಾಗೇ ನಿಲ್ಲಿ, ಅಲುಗಬೇಡಿ. ಇನ್ನೊಂದು. ಇನ್ನೂ ಒಂದು."

"ಎಷ್ಟು ಮಾರಾಯ್ರೆ? ಎಕ್ಸ್‌ರೇ ತೆಗೆಯುದಾ?"

ಮರುದಿನ ಬೆಳಿಗ್ಗೆ ದೋಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದೆವು. ಮುಂಭಾಗದ ಫೋಟೋದಲ್ಲಿ ಮೊದಲು ಲೆನ್ಸಿನಿಂದಾದ ಬಾಗು ತೆಗೆದೆ, ಮತ್ತೆ ಗೋಡೆಗಳನ್ನು ನೆಟ್ಟಗೆ ಮಾಡಿದೆ, ಬಣ್ಣ ಕೊನೆಗೆ.

"ಅತ್ತಿಗೆ, ಅದು ಕೆಂಪುಕಲ್ಲು, ಟೊಮೆಟೊ ಅಲ್ಲ," ಎಂದಳು ನಾದಿನಿ. ಬಣ್ಣ ಇಳಿಸಿದೆ. ತಂತಿ ಅಳಿಸಿದೆ, ಶೀಟುಗಳನ್ನು ಒಂದೊಂದಾಗಿ ಅಳಿಸಿದೆ. ಹಿಂದಕ್ಕೊರಗಿ ಕುಳಿತು ನೋಡಿದರೆ ಗೋಡೆಯ ಮೇಲೆ ಸಾಲಾಗಿ ಚೌಕ ಚೌಕ ಕಪ್ಪು.

"ಶೀಟೇ ಇಲ್ಲ, ನೆರಳು ಯಾರದ್ದು? ದೆವ್ವದ್ದಾ?" ನಾದಿನಿ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. ನೆರಳನ್ನು ಅಳಿಸಹೋದರೆ ಕಲ್ಲಿನ ತೂತುಗಳೆಲ್ಲ ಮಾಯವಾಗಿ ಗೋಡೆ ಸಿಮೆಂಟು ಬಳಿದಂತಾಯಿತು. ಗಂಟೆ ಹನ್ನೊಂದು.

ಬೇರೆ ದಾರಿ ಕಾಣದೆ ಒಳಗಿನ ಮೂರು ಫೋಟೋ ಜೋಡಿಸಿದೆ. ಬಿಸಿಲು ಶೀಟುಗಳ ಹಿಂದಿನಿಂದ ಬಂದು ಒಂದೊಂದೂ ಜೇನಿನ ಬಣ್ಣಕ್ಕೆ ತಿರುಗಿತ್ತು. ರೆಡ್ ಆಕ್ಸೈಡ್ ನೆಲದ ಮೇಲೂ ಆ ಬಣ್ಣ ಹರಡಿತ್ತು. ನಡುವೆ ಚೇಚಿ, ಎರಡೂ ಬದಿಗೆ ಅಡಿಕೋಲು ಇಟ್ಟಂತೆ ಬಾಗಿಲಿನ ದಾರಂದದ ನೆಟ್ಟನೆ ಮರ.

ನಾದಿನಿ ಪರದೆಗೆ ಬಾಗಿ ಆ ಬಾಗಿಲಿನ ಮೇಲೆ ಬೆರಳಿಟ್ಟಳು. "ಒಳಗೆ ಕೂತೇ ಶೀಟ್ ನೋಡ್ಲಿಕ್ಕೆ ಆಗ್ಬೇಕು ಅಂತ ಮನೆ ಕಟ್ಟುವಾಗಲೇ ಚೇಚಿ ಹೇಳಿದ್ರು. ಬಾಗಿಲು ಇಷ್ಟು ಅಗಲ ಇಟ್ಟದ್ದೇ ಅದಕ್ಕೆ. ನಾನೇ ಮರೆತುಬಿಟ್ಟೆ ಅತ್ತಿಗೆ!"

ಅದನ್ನೇ ಕಳುಹಿಸಿದೆವು, ಅದು ಆಯ್ಕೆಯಾಯಿತು. ಪ್ರದರ್ಶನಕ್ಕೆ ಚೇಚಿ ಗಂಜಿ ಹಾಕಿದ ಸೀರೆಯುಟ್ಟು ಬಂದರು. ಗೋಡೆಯಷ್ಟು ದೊಡ್ಡದಾಗಿದ್ದ ತಮ್ಮ ಚಿತ್ರದೆದುರು ತಲೆ ವಾಲಿಸಿ ನಿಂತು ಬಹಳ ಹೊತ್ತು ನೋಡಿದರು.

"ಚಂದ ಉಂಟು. ಆದ್ರೆ ಆ ಕೊನೆಯ ಶೀಟ್ ಓರೆ ಅಲ್ವಾ? ಹೇಳಿದ್ರೆ ನಾನು ಅಲ್ಲೇ ಸರಿಮಾಡ್ತಿದ್ದೆ!"