ಎಡಕ್ಕೆ ವಾಲಿದ ಗಡಿಯಾರ

ಸಫಕ್ ಸೀಮೆಯ ಒಂದು ಹಳ್ಳಿಯ ಪಬ್ಬಿನಲ್ಲಿ, ತೂಕದ ಗುಂಡಿನಿಂದ ನಡೆಯುವ ಹಳೆಯ ಗೋಡೆಗಡಿಯಾರವೊಂದಿತ್ತು. ಬಹಳ ವರ್ಷಗಳಿಂದ ಅದನ್ನು ರಿಪೇರಿ ಮಾಡುತ್ತಿದ್ದವನು ಏಮಸ್ ಒಬ್ಬನೇ. ಅದೇ ಬೀದಿಯಲ್ಲಿ ಅದೇ ಕಸುಬು ಮಾಡುತ್ತಿದ್ದ ಹೆಡ್ಲಿ ಅವನ ಜೀವದ ಗೆಳೆಯ. ಸಂಜೆಯಾದರೆ ಹೆಡ್ಲಿ ಆ ಗಡಿಯಾರದ ಕೆಳಗೇ ಕೂತು, ಬಿಯರ್ ಕುಡಿಯುತ್ತ, ಆ ಕೆಲಸ ತನಗೆ ಸಿಗಲಿಲ್ಲವೆಂದು ಹೊಟ್ಟೆ ಉರಿದುಕೊಳ್ಳುತ್ತಿದ್ದ. ಗಡಿಯಾರ ಎಡಕ್ಕೆ ವಾಲಿತ್ತು.

"ನಿನ್ನ ಟೋಪಿ ಥರಾನೇ ಸೊಟ್ಟಗೈತಲ್ಲೋ!" ಎಂದು ಹೆಡ್ಲಿ ಗೇಲಿ ಮಾಡುತ್ತಿದ್ದ.

"ಸೊಟ್ಟಗಿದ್ರೂ ನನ್ನನ್ನೇ ಕರೀತಾರಲ್ಲೋ," ಎಂದು ಏಮಸ್ ನಗುತ್ತಿದ್ದ.

ಏಮಸ್ ತೀರಿಕೊಂಡ ಮೇಲೆ, ಪಬ್ಬಿನ ಒಡತಿ ಡಾರ್ಕಸ್ ಗಡಿಯಾರಕ್ಕೆ ಎಣ್ಣೆ ಬಿಡಲು ಹೆಡ್ಲಿಯನ್ನು ಕರೆದಳು. ಎಣ್ಣೆ ಬಿಟ್ಟವನು ಅಷ್ಟಕ್ಕೇ ನಿಲ್ಲಲಿಲ್ಲ. ಓರೆ-ನೇರ ಅಳೆಯುವ ರಸಮಟ್ಟ ಹಿಡಿದು ಪೆಟ್ಟಿಗೆಯನ್ನು ನೆಟ್ಟಗೆ ಮಾಡಿದ, ಟಿಕ್‌ಟಿಕ್ ಲಯವನ್ನೂ ಹೊಂದಿಸಿದ. ಇನ್ನು ಈ ಗಡಿಯಾರ ತನ್ನದು ಎಂದುಕೊಂಡ.

ಮರುದಿನ ಗಡಿಯಾರ ನಿಂತಿತು. ಪೆಟ್ಟಿಗೆಯ ಬಾಗಿಲು ತೆರೆದು ನೋಡಿದರೆ, ಕೆಳಗಿಳಿಯುತ್ತಿದ್ದ ಗುಂಡು ಒಳಕ್ಕೆ ಬಾಗಿದ ಹಳೆಯ ಹಲಗೆಗೆ ಸಿಕ್ಕಿಕೊಂಡಿತ್ತು. ಗುಂಡಿಗೆ ದಾರಿ ಬಿಡಲೆಂದೇ ಏಮಸ್ ಪೆಟ್ಟಿಗೆಯನ್ನು ವಾಲಿಸಿದ್ದ. ಅಷ್ಟು ವರ್ಷ ಗೇಲಿ ಮಾಡಿಸಿಕೊಂಡರೂ ಅವನು ಕಾರಣ ಹೇಳಿರಲಿಲ್ಲ.

ಹೆಡ್ಲಿ ಅದನ್ನು ಮತ್ತೆ ಎಡಕ್ಕೆ ವಾಲಿಸಿದ; ಗಡಿಯಾರ ನಡೆಯತೊಡಗಿತು.

"ಈಗ ನೋಡಪ್ಪ, ಏಮಸ್ ಇದ್ದಾಗ ಇದ್ದಂಗೇ ಆಯ್ತು," ಎಂದಳು ಡಾರ್ಕಸ್.

ಹೆಡ್ಲಿಯ ಹೊಟ್ಟೆ ಮತ್ತೆ ಉರಿಯಿತು. ಸಂಜೆ ಗಡಿಯಾರದ ಕೆಳಗೆ ಒಬ್ಬನೇ ಕೂತು, "ಒಂದು ಮಾತು ಹೇಳಬಾರದಿತ್ತೇನೋ, ಕಳ್ಳ?" ಎಂದು ಗಟ್ಟಿಯಾಗಿಯೇ ಬೈದ.

"ಯಾರಿಗಪ್ಪ ಬೈತಿದೀಯ?" ಎಂದು ಕೇಳಿದಳು ಡಾರ್ಕಸ್.

"ಗೆದ್ದೋನಿಗೆ," ಎಂದು ಹೆಡ್ಲಿ ಕಣ್ಣೊರೆಸಿಕೊಂಡ.